ಮೂರ್ಛೆರೋಗ ಮತ್ತು ಆತಂಕದ ಕಾಯಿಲೆಯ ಜನರಿಕ್ ಔಷಧ: ಅನುಮೋದನೆಯ ಕ್ರಮ ಹಾಗೂ ನಾಗರಿಕರ ಹಕ್ಕುಗಳು

(ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಮೂರ್ಛೆರೋಗಕ್ಕೆ, ಅಂದರೆ ಆಡುಮಾತಿನಲ್ಲಿ ಫಿಟ್ಸ್ ಎನ್ನಲಾಗುವ ಕಾಯಿಲೆಗೆ, ಪ್ರತಿದಿನ ಮಾತ್ರೆ ಸೇವಿಸುವವರಿಗೆ ಒಂದು ತಿಂಗಳು ಒಂದು ಹೆಸರಿನ ಮಾತ್ರೆ, ಮುಂದಿನ ತಿಂಗಳು ಬೇರೆ ಹೆಸರಿನ, ಬೇರೆ ಆಕಾರದ ಮಾತ್ರೆ ದೊರೆಯುವುದುಂಟು. ಬೆಲೆಯೂ ಕಡಿಮೆಯಿದ್ದಲ್ಲಿ ಗುಣವೂ ಕಡಿಮೆಯಿರಬಹುದೆಂಬ ಸಂಶಯ ಸಹಜವಾಗಿ ಮೂಡುತ್ತದೆ. ಆದರೆ ಸಂಶಯದಿಂದ ಮಾತ್ರೆಯನ್ನೇ ನಿಲ್ಲಿಸಿದಲ್ಲಿ ಒಲೆಯ ಮುಂದೆ, ಬಾವಿಯ ಕಟ್ಟೆಯ ಬಳಿ ಅಥವಾ ಕಾಳಿ ನದಿಯ ದಡದಲ್ಲಿ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಇಂತಹ ಔಷಧಕ್ಕೆ ಅನುಮೋದನೆ ದೊರೆಯುವ ಬಗೆ ಮತ್ತು ಸಂಶಯ ಬಂದಾಗ ನಾಗರಿಕರಿಗೆ ಇರುವ ಹಕ್ಕನ್ನು ಇಲ್ಲಿ ವಿವರಿಸಲಾಗಿದೆ.

1. ಜನರಿಕ್ ಔಷಧವೆಂದರೇನು?

ಪ್ರತಿಯೊಂದು ಔಷಧಕ್ಕೂ ಒಂದು ಮೂಲನಾಮವಿರುತ್ತದೆ. ಕಂಪನಿಗಳು ಅದೇ ಔಷಧವನ್ನು ಬೇರೆ ಬೇರೆ ವಾಣಿಜ್ಯ ನಾಮಗಳಲ್ಲಿ ಮಾರಾಟ ಮಾಡುತ್ತವೆ. ಮೊದಲು ಕಂಡುಹಿಡಿದ ಕಂಪನಿಯ ಪೇಟೆಂಟ್ ಅವಧಿ ಮುಗಿದ ನಂತರ ಇತರ ತಯಾರಕರೂ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ತಯಾರಿಸಬಹುದು. ಹೀಗೆ ತಯಾರಾದುದೇ ಜನರಿಕ್ ಔಷಧ. ಹೊಸದಾಗಿ ಸಂಶೋಧನೆಯ ವೆಚ್ಚವಿಲ್ಲದಿರುವುದರಿಂದ ಮತ್ತು ಪ್ರಚಾರದ ವೆಚ್ಚ ಕಡಿಮೆಯಿರುವುದರಿಂದ ಇದರ ಬೆಲೆ ಸಾಮಾನ್ಯವಾಗಿ ಕಡಿಮೆಯಿರುತ್ತದೆ.

ಉದಾಹರಣೆಗೆ, ಕ್ಲೋಬಜಾಮ್ ಎಂಬ ಔಷಧವನ್ನು ಯುರೋಪಿನಲ್ಲಿ 1970ರ ದಶಕದಲ್ಲಿ ಆತಂಕದ ಕಾಯಿಲೆಗೆ ಬಳಕೆಗೆ ತರಲಾಯಿತು. ನಂತರ ಮೂರ್ಛೆರೋಗಕ್ಕೂ ಅದು ಉಪಯುಕ್ತವೆಂದು ಕಂಡುಬಂದಿತು. ಅಮೆರಿಕ ದೇಶವು ಮಕ್ಕಳಲ್ಲಿ ಆರಂಭವಾಗುವ ಒಂದು ತೀವ್ರ ಬಗೆಯ ಮೂರ್ಛೆರೋಗಕ್ಕೆ 2011ರಲ್ಲಿ ಇದನ್ನು ಅನುಮೋದಿಸಿ, 2018ರಲ್ಲಿ ಇದರ ಜನರಿಕ್ ರೂಪಗಳಿಗೆ ಅನುಮತಿ ನೀಡಿತು. ಭಾರತದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ, 2022ರಲ್ಲಿ ಕ್ಲೋಬಜಾಮ್ ಸೇರಿದೆ.

2. ಅನುಮೋದನೆ ನೀಡುವವರು ಯಾರು?

ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940 ಹಾಗೂ ಅದರ ಅಡಿಯ 1945ರ ನಿಯಮಗಳು ಇದಕ್ಕೆ ಆಧಾರ. ದೇಶದಲ್ಲಿ ಮೊದಲ ಬಾರಿಗೆ ಅನುಮೋದನೆ ಪಡೆಯುವ ಔಷಧವನ್ನು ನಾಲ್ಕು ವರ್ಷಗಳವರೆಗೆ ಸಾಮಾನ್ಯವಾಗಿ ‘ಹೊಸ ಔಷಧ’ವೆಂದು ಪರಿಗಣಿಸಲಾಗುತ್ತದೆ. ಆ ಅವಧಿಯಲ್ಲಿ ಅನುಮತಿ ನೀಡುವವರು ಭಾರತದ ಔಷಧ ಮಹಾನಿಯಂತ್ರಕರು. ನಂತರ, ಕಾರ್ಖಾನೆ ಇರುವ ರಾಜ್ಯದ ಪರವಾನಗಿ ಪ್ರಾಧಿಕಾರವು ತಯಾರಿಕೆಗೆ ಪರವಾನಗಿ ನೀಡುತ್ತದೆ. ಹಳಿಯಾಳದಲ್ಲಿ ಕೊಂಡ ಮಾತ್ರೆಯು ಬೇರೆ ರಾಜ್ಯದಲ್ಲಿ ಪರವಾನಗಿ ಪಡೆದುದಾಗಿರಬಹುದು. ಆ ಪರವಾನಗಿಯ ಸಂಖ್ಯೆ ಮಾತ್ರೆಯ ಪಟ್ಟಿಯ ಮೇಲೆ ಮುದ್ರಿತವಾಗಿರುತ್ತದೆ.

3. ಜೈವಿಕ ಸಮಾನತೆಯ ಪರೀಕ್ಷೆ ಏಕೆ?

1968ರಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ಫೆನಿಟಾಯಿನ್ ಎಂಬ ಮೂರ್ಛೆರೋಗದ ಔಷಧದ ತಯಾರಕರು ಗುಳಿಗೆಯಲ್ಲಿ ತುಂಬುವ ಪೂರಕ ಪುಡಿಯನ್ನು ಮಾತ್ರ ಬದಲಿಸಿದರು. ಔಷಧದ ಪ್ರಮಾಣ ಬದಲಾಗಿರಲಿಲ್ಲ. ಆದರೂ ರೋಗಿಗಳ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಹೆಚ್ಚಿ, ಹಲವರು ಅತಿಪ್ರಮಾಣದ ತೊಂದರೆಗೆ ಒಳಗಾದರು. ಮಾತ್ರೆಯಲ್ಲಿ ಎಷ್ಟು ಔಷಧವಿದೆ ಎಂಬುದಷ್ಟೇ ಸಾಲದು, ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದನ್ನೂ ನೋಡಬೇಕೆಂದು ಇದರಿಂದ ತಿಳಿದುಬಂದಿತು.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಮೂಲ ಔಷಧವನ್ನೂ ಜನರಿಕ್ ಔಷಧವನ್ನೂ ಬೇರೆ ಬೇರೆ ಸಮಯದಲ್ಲಿ ನೀಡಿ ರಕ್ತದಲ್ಲಿನ ಪ್ರಮಾಣವನ್ನು ಹೋಲಿಸಲಾಗುತ್ತದೆ. ಎರಡರ ಅನುಪಾತದ ಅಂದಾಜು, ಅದರ ಅನಿಶ್ಚಿತತೆಯ ಮಿತಿಗಳೂ ಸೇರಿದಂತೆ, ಶೇ. 80ರಿಂದ 125ರೊಳಗೆ ಇರತಕ್ಕದ್ದು. ಮಾತ್ರೆಯಲ್ಲಿ ಔಷಧ ಶೇ. 20ರಷ್ಟು ಕಡಿಮೆಯಿರಬಹುದೆಂದು ಇದರ ಅರ್ಥವಲ್ಲ. 2017ರ ಏಪ್ರಿಲ್ ತಿಂಗಳ ತಿದ್ದುಪಡಿಯ ಪ್ರಕಾರ, ನೀರಿನಲ್ಲಿ ಕಡಿಮೆ ಕರಗುವ ಔಷಧಗಳ ವರ್ಗಗಳಿಗೆ ರಾಜ್ಯ ಪ್ರಾಧಿಕಾರದಿಂದ ಪರವಾನಗಿ ಕೋರುವ ತಯಾರಕರು ಈ ಪರೀಕ್ಷೆಯ ಫಲಿತಾಂಶವನ್ನು ಸಲ್ಲಿಸುವುದು ಕಡ್ಡಾಯ. ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇಂತಹ ಔಷಧಗಳೇ ಆಗಿವೆ.

4. ಔಷಧದಂಗಡಿಯಲ್ಲಿ ಗಮನಿಸಬೇಕಾದ ಅಂಶಗಳು

(ಅ) ಕ್ಲೋಬಜಾಮ್, ಕ್ಲೊನಜೆಪಾಮ್ ಮುಂತಾದವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

(ಆ) ಚೀಟಿಯಲ್ಲಿ ಬರೆದ ವಾಣಿಜ್ಯ ನಾಮದ ಔಷಧಕ್ಕೆ ಬದಲಾಗಿ ಬೇರೊಂದನ್ನು ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ. ಆದ್ದರಿಂದ ಕಡಿಮೆ ಬೆಲೆಯ ಔಷಧ ಬೇಕಾದವರು ಮೂಲನಾಮವನ್ನೇ ಬರೆದುಕೊಡುವಂತೆ ವೈದ್ಯರನ್ನು ಮೊದಲೇ ಕೋರುವುದು. ಆ ಚೀಟಿಯೊಂದಿಗೆ ಜನೌಷಧಿ ಕೇಂದ್ರದಲ್ಲಿಯೂ ವಿಚಾರಿಸಬಹುದು.

(ಇ) 2018ರ ತಿದ್ದುಪಡಿಯ ನಂತರ, ಒಂದೇ ಔಷಧವಿರುವ ಮಾತ್ರೆಗಳ ಪಟ್ಟಿಯ ಮೇಲೆ ಮೂಲನಾಮವು ವಾಣಿಜ್ಯ ನಾಮಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕು. ಹಳೆಯ ಪಟ್ಟಿಯನ್ನು ಜೊತೆಗೆ ಒಯ್ದು, ಮೂಲನಾಮ ಮತ್ತು ಮಿಲಿಗ್ರಾಂ ಪ್ರಮಾಣ ಎರಡನ್ನೂ ಹೋಲಿಸಿ ನೋಡುವುದು.

(ಈ) ಈ ಎರಡು ಔಷಧಗಳು ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕಾರಿ ವಸ್ತುಗಳ ಅಧಿನಿಯಮ, 1985ರ ಪಟ್ಟಿಯಲ್ಲಿವೆ. ಸ್ವಂತ ಚಿಕಿತ್ಸೆಗಾಗಿ ಒಮ್ಮೆಗೆ 100 ಮಾತ್ರೆಗಳವರೆಗೆ ಇಟ್ಟುಕೊಳ್ಳಬಹುದು. ದೀರ್ಘಕಾಲದ ಚಿಕಿತ್ಸೆಯಲ್ಲಿರುವವರಿಗೆ ನೋಂದಾಯಿತ ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟಲ್ಲಿ 300ರವರೆಗೆ ಅವಕಾಶವಿದೆ. ಮಳೆಗಾಲದಲ್ಲಿ ಪೇಟೆಗೆ ಬರಲು ಕಷ್ಟವಾಗುವ ಕಾಡಿನಂಚಿನ ಊರುಗಳವರು ಈ ವಿಷಯವನ್ನು ವೈದ್ಯರಿಗೆ ತಿಳಿಸಿ, ಸಾಕಷ್ಟು ಮಾತ್ರೆಗಳನ್ನು ಬರೆಸಿಕೊಳ್ಳುವುದು ಸೂಕ್ತ.

5. ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ

ಅಧಿನಿಯಮದ ಕಲಂ 26ರ ಪ್ರಕಾರ, ತಾನು ಕೊಂಡ ಔಷಧವನ್ನು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆ. ಅರ್ಜಿಯನ್ನು ನಮೂನೆ 14-ಎ ರಲ್ಲಿ ಸಲ್ಲಿಸತಕ್ಕದ್ದು. ಅದರಲ್ಲಿ ಅರ್ಜಿದಾರರ ಹೆಸರು, ವಿಳಾಸ, ಔಷಧದ ಹೆಸರು, ಅಂಗಡಿಯ ಹೆಸರು ಮತ್ತು ವಿಳಾಸ, ಕೊಂಡ ದಿನಾಂಕ ಹಾಗೂ ಪರೀಕ್ಷೆ ಕೋರಲು ಕಾರಣವನ್ನು ನಮೂದಿಸಬೇಕು. ಔಷಧವು ಕೊಂಡ ಸ್ಥಿತಿಯಲ್ಲಿಯೇ ಇದೆ ಎಂದು ಘೋಷಿಸಬೇಕಾದ್ದರಿಂದ ಪಟ್ಟಿಯನ್ನು ಕತ್ತರಿಸದೆ, ಬಿಸಿಲು ಮತ್ತು ತೇವ ತಾಗದಂತೆ ಇಡುವುದು; ಬಿಲ್ಲನ್ನು ತಪ್ಪದೆ ಪಡೆದು ಕಾಯ್ದಿರಿಸುವುದು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಗಳಲ್ಲಿವೆ. ಈ ನಾಲ್ಕು ತಾಲ್ಲೂಕುಗಳವರಿಗೆ ಹುಬ್ಬಳ್ಳಿ ಸಮೀಪ. ಶುಲ್ಕ ಮತ್ತು ಬೇಕಾಗುವ ಮಾತ್ರೆಗಳ ಸಂಖ್ಯೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

ಔಷಧದ ಅಡ್ಡಪರಿಣಾಮಗಳನ್ನು 1800-180-3024 ಹಾಗೂ ನಿಗದಿತ ಬೆಲೆಗಿಂತ ಹೆಚ್ಚು ವಸೂಲಿಯನ್ನು 1800-111-255 ಉಚಿತ ದೂರವಾಣಿ ಸಂಖ್ಯೆಗಳಿಗೆ ತಿಳಿಸಬಹುದು.

6. ವಿಶೇಷ ಸೂಚನೆ

ಪರೀಕ್ಷೆಯ ವರದಿ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಕ್ಲೋಬಜಾಮ್‌ನಂತಹ ಔಷಧವನ್ನು ಹಠಾತ್ತನೆ ಬಿಟ್ಟಲ್ಲಿ ಸೆಳವು ಮರುಕಳಿಸಬಹುದು; ಆತಂಕಕ್ಕಾಗಿ ಸೇವಿಸುತ್ತಿದ್ದವರಿಗೂ ಸೆಳವು ಬರುವ ಸಂಭವವಿದೆ. ಪ್ರಮಾಣವನ್ನು ತಗ್ಗಿಸುವುದಾದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸಬೇಕು. ಈ ಔಷಧಗಳಿಂದ ಮಂಪರು ಬರುವುದರಿಂದ ವಾಹನ ಚಾಲನೆ ಮತ್ತು ಯಂತ್ರದ ಕೆಲಸದಲ್ಲಿ ಎಚ್ಚರಿಕೆ ಅಗತ್ಯ, ಮದ್ಯದೊಂದಿಗೆ ಸೇವಿಸಲೇಬಾರದು.

ಮಾತ್ರೆ ಬದಲಾದ ನಂತರ ಸೆಳವು ಹೆಚ್ಚಾದಲ್ಲಿ ಅಥವಾ ಅತಿಯಾದ ಮಂಪರು ಕಂಡಲ್ಲಿ, ಹಳೆಯ ಮತ್ತು ಹೊಸ ಪಟ್ಟಿಗಳೆರಡನ್ನೂ ಹಿಡಿದುಕೊಂಡು ಕೂಡಲೇ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣುವುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಆತಂಕದ ಕಾಯಿಲೆಯ ಬಗ್ಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಸಾರ್ವಜನಿಕರು ಸಂಶಯವಿದ್ದಲ್ಲಿ ವೈದ್ಯರನ್ನು ಕೇಳುವುದು ಹಾಗೂ ಅಗತ್ಯವಿದ್ದಲ್ಲಿ ಅರ್ಜಿ ಸಲ್ಲಿಸುವುದು. ಆದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಈ ಮೂಲಕ ಕೋರಲಾಗಿದೆ.