ಬಳಕೆ ನಿಂತ ರೈಲುಮಾರ್ಗಗಳು ಸಾರ್ವಜನಿಕ ಕಾಲುದಾರಿಗಳಾಗುವ ಬಗ್ಗೆ: ನಾಗರಿಕರಿಗೆ ಮಾಹಿತಿ

ರೈಲು ಸಂಚಾರ ನಿಂತು ಹಳಿಗಳನ್ನು ತೆಗೆದ ಮೇಲೆ ಉಳಿಯುವ ನೆಲವನ್ನು ಪಾದಚಾರಿಗಳು ಮತ್ತು ಸೈಕಲ್ ಸವಾರರ ದಾರಿಯನ್ನಾಗಿ ಪರಿವರ್ತಿಸುವ ಪದ್ಧತಿಯು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಂಚಿನ ಗ್ರಾಮಗಳಲ್ಲಿ ರೈಲುಮಾರ್ಗವಿಲ್ಲ. ಆದರೂ ಕೆರೆ ಏರಿ, ನಾಲೆ ದಂಡೆ ಮತ್ತು ಹಳೆಯ ಬಂಡಿದಾರಿಗಳ ವಿಷಯದಲ್ಲಿ ಇದೇ ಪ್ರಶ್ನೆ ಎದುರಾಗುವುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗೆ ನೀಡಲಾಗಿದೆ.

ರೈಲುಗಾಡಿಯು ಕಡಿದಾದ ಏರನ್ನು ಹತ್ತಲಾರದು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಘಟ್ಟದಲ್ಲಿಯೂ ಸುಮಾರು 50 ಅಡಿ ಸಾಗಿದರೆ 1 ಅಡಿ ಏರುವಷ್ಟೇ ಇಳಿಜಾರನ್ನು ಇರಿಸಲಾಗಿದೆ. ಆದುದರಿಂದ ಹಳಿ ತೆಗೆದ ನೆಲದಲ್ಲಿ ವೃದ್ಧರು, ಶಾಲಾ ಮಕ್ಕಳು ಹಾಗೂ ಗಾಲಿಕುರ್ಚಿ ಬಳಸುವವರು ಸಹ ಆಯಾಸವಿಲ್ಲದೆ ಸಾಗಬಹುದು. ಹಳ್ಳಗಳಿಗೆ ಸೇತುವೆ ಮೊದಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಊರಿಂದ ಊರಿಗೆ ತುಂಡಾಗದೆ ಸಾಗುವ ನೆಲ ಒಂದೇ ಒಡೆತನದಲ್ಲಿ ದೊರೆಯುತ್ತದೆ. ಅಂತಹ ನೆಲವನ್ನು ಇಂದು ಹೊಸದಾಗಿ ಸ್ವಾಧೀನಪಡಿಸಿಕೊಳ್ಳಲು ತಗಲುವ ವೆಚ್ಚ ಹಾಗೂ ಕಾಲಾವಧಿಯನ್ನು ಕಚೇರಿ ಕಡತಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವಿನ ಮಾರ್ಗವು 1960ರ ದಶಕದಲ್ಲಿಯೇ ಇಂತಹ ದಾರಿಯಾಯಿತು. ಆ ದೇಶದಲ್ಲಿ 1983ರಲ್ಲಿ ಮಾಡಿದ ಕಾನೂನು ತಿದ್ದುಪಡಿಯಂತೆ, ಮುಂದೆ ಎಂದಾದರೂ ರೈಲು ಬೇಕಾದೀತು ಎಂಬ ಕಾರಣಕ್ಕೆ ಮಾರ್ಗವನ್ನು ಒಡೆಯದೆ ಕಾಯ್ದಿರಿಸಿ, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಲು ಅವಕಾಶ ಕಲ್ಪಿಸಲಾಯಿತು. ಪಕ್ಕದ ಜಮೀನುದಾರರು ಇದನ್ನು ಪ್ರಶ್ನಿಸಿದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಕಾನೂನನ್ನು ಎತ್ತಿಹಿಡಿದು, ಹಕ್ಕು ಕಳೆದುಕೊಂಡವರು ಪರಿಹಾರ ಕೋರಬಹುದೆಂದು ತಿಳಿಸಿತು. ಸಮುದಾಯದ ಅನುಕೂಲಕ್ಕಾಗಿ ಒಬ್ಬ ರೈತನ ಹಕ್ಕನ್ನು ಸದ್ದಿಲ್ಲದೆ ಬದಿಗಿಡಲಾಗದು ಎಂಬ ಈ ಅಂಶವು ನಮ್ಮಲ್ಲಿಯೂ ಗಮನಾರ್ಹ.

ನ್ಯೂಜಿಲೆಂಡ್ ದೇಶದ ಒಟಾಗೋ ಪ್ರಾಂತ್ಯದಲ್ಲಿ 1990ರಲ್ಲಿ ಮುಚ್ಚಿದ ಸುಮಾರು 150 ಕಿ.ಮೀ. ಮಾರ್ಗವನ್ನು 2000ದಲ್ಲಿ ಸೈಕಲ್ ದಾರಿಯಾಗಿ ತೆರೆಯಲಾಯಿತು. ಒಂದು ಕಾಲದಲ್ಲಿ ಚಿನ್ನ ತೆಗೆಯುತ್ತಿದ್ದು ನಂತರ ಜನ ಕಡಿಮೆಯಾಗಿದ್ದ ಸಣ್ಣ ಊರುಗಳಲ್ಲಿ ತಂಗುಮನೆ, ಉಪಾಹಾರ ಗೃಹ ಹಾಗೂ ಸೈಕಲ್ ಬಾಡಿಗೆ ವ್ಯವಹಾರಗಳು ನೆಲೆಗೊಂಡವು. ಸೈಕಲ್ ಸವಾರನು ದಿನಕ್ಕೆ ಸ್ವಲ್ಪ ದೂರ ಮಾತ್ರ ಸಾಗುವುದರಿಂದ ಊಟ, ವಸತಿಗೆ ದಾರಿಯ ಊರುಗಳಲ್ಲೇ ಹಣ ವ್ಯಯಿಸುತ್ತಾನೆ. ಕಾರಿನಲ್ಲಿ ಹಾದುಹೋಗುವವನಿಂದ ಆ ಊರಿಗೆ ಬರುವುದು ಧೂಳು ಮಾತ್ರ.

ಕರ್ನಾಟಕದಲ್ಲಿ ಮೀಟರ್ ಗೇಜ್ ಮಾರ್ಗಗಳನ್ನು ಬಹುಪಾಲು ಅದೇ ನೆಲದ ಮೇಲೆ ಬ್ರಾಡ್ ಗೇಜ್ ಆಗಿ ಪರಿವರ್ತಿಸಿದ್ದರಿಂದ ಖಾಲಿ ಉಳಿದ ಮಾರ್ಗಗಳು ವಿರಳ. ಸೂಳೆಕೆರೆಗೆ ಸಮೀಪದ ನಿದರ್ಶನವೆಂದರೆ, ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ ಕಿರು ಹಳಿಯ ಟ್ರಾಮ್ ಮಾರ್ಗ. ಅದು ಮುಚ್ಚಿಹೋಗಿ ದಶಕಗಳೇ ಕಳೆದಿವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಕಲೇಶಪುರ ಘಟ್ಟದ ಮಾರ್ಗವು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿದ್ದಾಗ ಚಾರಣಿಗರಲ್ಲಿ ಹೆಸರುವಾಸಿಯಾಯಿತು. ಆದರೆ 2006ರಲ್ಲಿ ಸರಕು ರೈಲುಗಳೂ 2007ರಲ್ಲಿ ಪ್ರಯಾಣಿಕರ ರೈಲುಗಳೂ ಪುನಃ ಆರಂಭಗೊಂಡಿವೆ. ಅದು ಹಳೆಯ ಮಾರ್ಗವಲ್ಲ, ಚಾಲ್ತಿಯಲ್ಲಿರುವ ಮಾರ್ಗ. ಸುರಂಗದೊಳಗೆ ರೈಲು ಎದುರಾದರೆ ಸರಿದು ನಿಲ್ಲಲು ಸ್ಥಳ ಸಾಲದು. ಅನುಮತಿಯಿಲ್ಲದೆ ಹಳಿಯ ಮೇಲೆ ನಡೆಯುವುದು ರೈಲ್ವೆ ಅಧಿನಿಯಮ, 1989ರ ಕಲಂ 147ರಡಿ ದಂಡನಾರ್ಹವಾಗಿದ್ದು, ಆರು ತಿಂಗಳವರೆಗೆ ಕಾರಾವಾಸಕ್ಕೂ ಅವಕಾಶವಿದೆ.

ಇನ್ನು ಸೂಳೆಕೆರೆಯ ವಿಷಯ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿ, ಸಿದ್ಧ ಮತ್ತು ಬಸವ ಎಂಬ ಹೆಸರಿನ ತೂಬುಗಳು, ಅಲ್ಲಿಂದ ಹೊರಡುವ ನಾಲೆಗಳು: ಇವು ಸಹ ರೈಲುಮಾರ್ಗದಂತೆ ಉದ್ದನೆಯ, ಇಳಿಜಾರು ಕಡಿಮೆಯಿರುವ ಸಾರ್ವಜನಿಕ ನೆಲ. ನಾಲೆ ದಂಡೆಯ ದಾರಿ ಸುಸ್ಥಿತಿಯಲ್ಲಿದ್ದರೆ ಮಕ್ಕಳು ಬಸ್ಸು, ಲಾರಿಗಳ ರಸ್ತೆಯನ್ನು ಬಿಟ್ಟು ಶಾಲೆಗೆ ಹೋಗಬಹುದು, ರೈತರು ಕಟಾವಿನ ಕಾಲದಲ್ಲಿ ತಲೆಹೊರೆಯೊಂದಿಗೆ ನೆರೆಯವರ ಗದ್ದೆ ತುಳಿಯಬೇಕಾಗಿಲ್ಲ. ಮಧ್ಯೆ ಹತ್ತು ಗಜ ಒತ್ತುವರಿಯಾದರೂ ಉಳಿದ ಮೈಲಿಗಟ್ಟಲೆ ದಾರಿ ನಿಷ್ಪ್ರಯೋಜಕವಾಗುತ್ತದೆ. ಏರಿಯನ್ನು ಉದ್ಯಾನವೆಂದು ಭಾವಿಸಿ ಅದರ ಮೇಲೆ ಮರ ನೆಡುವುದು, ಗುಂಡಿ ತೋಡುವುದು, ಅಂಗಡಿ ಹಾಕುವುದು ಸಲ್ಲದು. ಬೇರು ಇಳಿದ ಜಾಗದಲ್ಲಿ ಮಣ್ಣಿನ ಏರಿಗೆ ನೀರು ಜಿನುಗುವ ಅಪಾಯವಿದೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 67ರಂತೆ ಸಾರ್ವಜನಿಕ ದಾರಿಗಳು, ಕೆರೆಯ ಅಂಗಳಗಳು ಮತ್ತು ನಾಲೆಗಳು ಇತರರ ಸ್ವತ್ತಾಗಿರದ ಹೊರತು ರಾಜ್ಯ ಸರ್ಕಾರಕ್ಕೆ ಸೇರಿದವು. ದಾರಿಯ ಕುರಿತು ಮನವಿ ಸಲ್ಲಿಸುವವರು ಮೊದಲು ಭೂಮಾಪನ ಇಲಾಖೆಯ ಗ್ರಾಮ ನಕಾಶೆಯನ್ನು ಪರಿಶೀಲಿಸುವುದು. ಬಂಡಿದಾರಿ ಮತ್ತು ಕಾಲುದಾರಿಗಳನ್ನು ಅದರಲ್ಲಿ ಚುಕ್ಕೆಗೆರೆಗಳಿಂದ ತೋರಿಸಿರುತ್ತದೆ. ಪಹಣಿಯಲ್ಲಿ ‘ಬ’ ಖರಾಬು ಎಂದು ನಮೂದಾಗಿದ್ದಲ್ಲಿ ಅದು ಸಾರ್ವಜನಿಕ ಉದ್ದೇಶದ ನೆಲ. ಈ ಎರಡರ ಪ್ರತಿಗಳೊಂದಿಗೆ, ಸರ್ವೆ ನಂಬರ್‌ಗಳನ್ನು ಸ್ಪಷ್ಟವಾಗಿ ಬರೆದು ತಹಸೀಲ್ದಾರರಿಗೆ ಮನವಿ ಸಲ್ಲಿಸುವುದು. ಕೆರೆ ಮತ್ತು ನಾಲೆ ದಂಡೆಗಳಾದಲ್ಲಿ ಪ್ರತಿಯೊಂದನ್ನು ನೀರಾವರಿ ಕಚೇರಿಗೂ ನೀಡುವುದು. ರೈಲ್ವೆ ನೆಲವು ಕೇಂದ್ರ ಸರ್ಕಾರದ ಸ್ವತ್ತಾದುದರಿಂದ ಅದರ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಆದೇಶ ದೊರೆಯುವುದಿಲ್ಲ. ಅಂತಹ ಅರ್ಜಿಗಳನ್ನು ಸಂಬಂಧಪಟ್ಟ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ನೇರವಾಗಿ ಕಳುಹಿಸತಕ್ಕದ್ದು.