ಗುಗ್ಗುಳ ಮತ್ತು ರಕ್ತದ ಕೊಬ್ಬು

ವೀರಭದ್ರ ದೇವರನ್ನು ಮನೆದೈವವಾಗಿ ಪೂಜಿಸುವ ಮನೆತನಗಳಲ್ಲಿ ಮದುವೆ ಮೊದಲಾದ ಮಂಗಲಕಾರ್ಯಗಳ ಸಂದರ್ಭದಲ್ಲಿ ಗುಗ್ಗಳ ತೆಗೆಯುವ ಸಂಪ್ರದಾಯವುಂಟು. ಪುರವಂತರು ಒಡಪು ಹೇಳುತ್ತ ನಡೆಯುವಾಗ ಗುಗ್ಗುಳದ ಧೂಪ ಬೀದಿಯನ್ನೆಲ್ಲ ತುಂಬುತ್ತದೆ. ಆಚರಣೆಗೆ ಹೆಸರು ಬಂದುದೇ ಈ ಗಿಡದ ಅಂಟಿನಿಂದ. ಅದೇ ಅಂಟು ಇಂದು ಗುಳಿಗೆಯ ರೂಪ ತಾಳಿ, ಕೊಲೆಸ್ಟರಾಲ್ ಇಳಿಸುವ ಪೂರಕವೆಂದು ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ದೇವರ ಧೂಪದ ವಸ್ತುವೆಂಬ ಗೌರವದಿಂದ, ವೈದ್ಯರು ಕೊಟ್ಟ ಮಾತ್ರೆಯನ್ನು ಬದಿಗಿರಿಸಿ ಇದನ್ನೇ ನಂಬುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆದುದರಿಂದ ಇದರ ಗುಣಾವಗುಣಗಳನ್ನು ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.

ಕೊಲೆಸ್ಟರಾಲ್ ಸ್ವತಃ ವಿಷವಲ್ಲ. ಯಕೃತ್ತು ಅದನ್ನು ತಯಾರಿಸುತ್ತದೆ. ಜೀವಕೋಶಗಳ ಪೊರೆಗೂ ಪಿತ್ತರಸಕ್ಕೂ ಅದು ಬೇಕು. ಆದರೆ ಎಲ್.ಡಿ.ಎಲ್. ಎಂಬ ಅದರ ಒಂದು ಬಗೆ ರಕ್ತದಲ್ಲಿ ಮಿತಿಮೀರಿದಾಗ ಧಮನಿಗಳ ಒಳಗೋಡೆಯಲ್ಲಿ ಶೇಖರವಾಗುತ್ತದೆ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಅದು ದಾರಿ. ನೋವಿಲ್ಲದೆ ಬೆಳೆಯುವ ಈ ದೋಷ ಸಾಮಾನ್ಯವಾಗಿ ರಕ್ತಪರೀಕ್ಷೆಯಿಂದಲೇ ತಿಳಿಯುತ್ತದೆ.

ಗುಗ್ಗುಳದ ಗಿಡ ರಾಜಸ್ಥಾನ, ಗುಜರಾತಗಳ ಒಣನೆಲದಲ್ಲಿ ಬೆಳೆಯುವ ಮುಳ್ಳಿನ ಪೊದೆ. ಮೇದೋರೋಗಕ್ಕೆ ಇದು ಔಷಧವೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಆ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿದವರು ಡಾ. ಜಿ. ವಿ. ಸತ್ಯವತಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ 1966ರಲ್ಲಿ ಅವರು ಸಲ್ಲಿಸಿದ ಪ್ರಬಂಧದಲ್ಲಿ, ಮೊಲಗಳ ರಕ್ತದ ಕೊಬ್ಬನ್ನು ಗುಗ್ಗುಳ ಇಳಿಸಿತೆಂದು ತೋರಿಸಿದರು. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯವು ಇದರಿಂದ ಗುಗ್ಗುಲಿಪಿಡ್ ಎಂಬ ಸತ್ವವನ್ನು ಸಿದ್ಧಪಡಿಸಿತು. ಪರಂಪರೆಯ ಮಾತನ್ನು ಕುರುಡಾಗಿ ಒಪ್ಪದೆ, ಕುರುಡಾಗಿ ತಳ್ಳಿಯೂ ಹಾಕದೆ ಪರೀಕ್ಷೆಗೊಡ್ಡಿದ ಈ ರೀತಿ ಮೆಚ್ಚತಕ್ಕದ್ದು.

ಆದರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ದೇಶದಲ್ಲಿ 61 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಥ್ಯದ ಜೊತೆಗೆ 24 ವಾರ ಗುಗ್ಗುಲಿಪಿಡ್ ಸೇವಿಸಿದವರ ಎಲ್.ಡಿ.ಎಲ್. ಶೇಕಡಾ 12ರಷ್ಟು ಇಳಿಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 103 ಜನರ ಮೇಲೆ 8 ವಾರ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಲಿತಾಂಶ ತಲೆಕೆಳಗಾಯಿತು. ಹುಸಿಮಾತ್ರೆ ನುಂಗಿದವರ ಎಲ್.ಡಿ.ಎಲ್. ಶೇಕಡಾ 5ರಷ್ಟು ಇಳಿದರೆ, ಗುಗ್ಗುಳ ಸೇವಿಸಿದವರದು ಶೇಕಡಾ 4ರಿಂದ 5ರಷ್ಟು ಏರಿತು. ಗುಗ್ಗುಳ ಸೇವಿಸಿದ ಆರು ಮಂದಿಗೆ ಮೈಮೇಲೆ ದದ್ದುಗಳೂ ಎದ್ದವು. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಎಂಬ ರಕ್ತದೊತ್ತಡದ ಔಷಧಗಳು ಮೈಗೆ ಹತ್ತುವುದನ್ನು ಗುಗ್ಗುಲಿಪಿಡ್ ಕುಗ್ಗಿಸುತ್ತದೆಂಬುದೂ ಕಂಡುಬಂದಿದೆ. ಹೀಗೆ ಎರಡು ಮಾತಾಗಿರುವ ವಸ್ತುವಿನ ಮೇಲೆ ಪ್ರಾಣದ ಭಾರ ಹೊರಿಸುವುದು ವಿವೇಕವಲ್ಲ.

ಬೇರೆ ಪೂರಕಗಳ ಕಥೆಯೂ ಹೆಚ್ಚು ಭಿನ್ನವಲ್ಲ. ಬೆಳ್ಳುಳ್ಳಿ, ಅರಿಸಿನ, ದಾಲ್ಚಿನ್ನಿ ಸೇರಿದಂತೆ ಆರು ಪೂರಕಗಳನ್ನು ರೋಸುವಸ್ಟಾಟಿನ್ ಮಾತ್ರೆಯೊಡನೆ ಹೋಲಿಸಿದ 28 ದಿನಗಳ ಅಧ್ಯಯನ 2022ರಲ್ಲಿ ಹೊರಬಂತು. 5 ಮಿಲಿಗ್ರಾಮಿನ ಮಾತ್ರೆ ಎಲ್.ಡಿ.ಎಲ್. ಅನ್ನು ಶೇಕಡಾ 38ರಷ್ಟು ಇಳಿಸಿತು. ಪೂರಕಗಳಲ್ಲಿ ಯಾವುದೂ ಹುಸಿಮಾತ್ರೆಯನ್ನು ಗಣನೀಯವಾಗಿ ಮೀರಲಿಲ್ಲ. ಈ ಅಧ್ಯಯನಕ್ಕೆ ಔಷಧ ಕಂಪನಿಯೇ ಹಣ ಒದಗಿಸಿತ್ತೆಂಬುದನ್ನೂ ಓದುಗರು ಗಮನಿಸಬೇಕು. ಆದರೆ ಸ್ಟಾಟಿನ್ ಔಷಧಗಳ ಪ್ರಯೋಜನಕ್ಕೆ ಆಧಾರ ಇದೊಂದೇ ಅಲ್ಲ. ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವು, ಸಿಮ್ವಾಸ್ಟಾಟಿನ್ ಸೇವಿಸಿದವರಲ್ಲಿ ಮರಣದ ಪ್ರಮಾಣ ಶೇಕಡಾ 30ರಷ್ಟು ಕಡಿಮೆಯಾದುದನ್ನು ತೋರಿಸಿತು.

ಹಾಗಾದರೆ ಆಹಾರದಿಂದ ಪ್ರಯೋಜನವೇ ಇಲ್ಲವೆ? ಉಂಟು, ಮಿತಿಯಲ್ಲಿ. ಜವೆಗೋದಿ, ಬೇಳೆಕಾಳು, ಇಸಬಗೋಲಿನ ಹೊಟ್ಟು ಇವುಗಳಲ್ಲಿ ನೀರಿನಲ್ಲಿ ಕರಗುವ ನಾರು ಇದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ವನಸ್ಪತಿ ತುಪ್ಪ, ಕರಿದ ತಿಂಡಿ, ಹೊಗೆಸೊಪ್ಪು ಬಿಡುವುದು, ನಿತ್ಯ ನಡೆಯುವುದು ಇವೂ ಹೃದಯಕ್ಕೆ ಹಿತ. ಇವು ಔಷಧಕ್ಕೆ ಜೊತೆಯಾಗಬೇಕೇ ಹೊರತು ಬದಲಿಯಾಗಬಾರದು.

ಇನ್ನೊಂದು ಮಾತು. ಹೆಚ್ಚು ಅಂಟಿನ ಆಸೆಯಿಂದ ಆಳವಾಗಿ ಕಚ್ಚು ಹಾಕುವುದರಿಂದ ಗುಗ್ಗುಳದ ಗಿಡಗಳು ಸಾಯುತ್ತಿವೆ. ತೀವ್ರ ಅಪಾಯದಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿದೆ. ಗುಳಿಗೆಗಾಗಿ ಗಿಡ ನಾಶವಾದರೆ ನಾಳೆ ಗುಗ್ಗಳದ ಕೊಡಕ್ಕೂ ಧೂಪ ಸಿಗದು.

ಕಾಯವನ್ನು ದೇಗುಲವೆಂದು ಬಗೆದ ಪರಂಪರೆ ನಮ್ಮದು. ಕಾಯ ಬಿದ್ದರೆ ಕಾಯಕವೆಲ್ಲಿ, ದಾಸೋಹವೆಲ್ಲಿ? ಧೂಪ ದೇವರಿಗೆ ಸಲ್ಲಲಿ. ಔಷಧವನ್ನು ವೈದ್ಯರ ಸಲಹೆಯಂತೆ ಸೇವಿಸೋಣ. ಮನೆಯ ಹಿರಿಯರು ಯಾವ ಗುಳಿಗೆ ನುಂಗುತ್ತಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದನ್ನು ಮಕ್ಕಳು, ಸೊಸೆಯಂದಿರು ವಿಚಾರಿಸಿ, ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಸದ್ಭಕ್ತರಲ್ಲಿ ಅರಿಕೆ ಮಾಡುತ್ತೇವೆ.