ಮುಖ ನೋಡಿ ಮಣೆ ಹಾಕುವ ಮನಸ್ಸು

ಬನಶಂಕರಿ ಕಡೆಯ ಒಂದು ಸ್ವಸಹಾಯ ಸಂಘದ ವಾರದ ಸಭೆ. ಒಬ್ಬ ಸಹೋದರಿ ಮಗಳ ಕಾಲೇಜು ಫೀಸಿಗೆಂದು ಸಾಲ ಕೇಳಿದರು. ಉಳಿತಾಯ ಸರಿಯಾಗಿತ್ತು, ಹಳೆಯ ಸಾಲವೂ ತೀರಿತ್ತು. ಆದರೂ ಎಲ್ಲರೂ "ಮುಂದಿನ ತಿಂಗಳು ನೋಡೋಣ" ಅಂದುಬಿಟ್ಟರು. ನಾನೂ ತಲೆಯಾಡಿಸಿದೆ. ಆಮೇಲೆ ಕಾರಣ ಕೇಳಿದರೆ, "ಯಾಕೋ ಗೊತ್ತಿಲ್ಲ ಸಿಸ್ಟರ್, ಮನಸ್ಸಾಗ್ಲಿಲ್ಲ" ಅನ್ನುವುದೊಂದೇ ಉತ್ತರ. ನನ್ನ ಹತ್ತಿರವೂ ಬೇರೆ ಉತ್ತರವಿರಲಿಲ್ಲ.

ಮುಖ ನೋಡಿ ಮಣೆ ಹಾಕುತ್ತಾರೆ ಎಂದು ನಾವು ಬೇರೆಯವರನ್ನು ಆಡಿಕೊಳ್ಳುತ್ತೇವೆ. ಆದರೆ ನೋಡಿದ್ದೇ ಗೊತ್ತಾಗದ ಮುಖಕ್ಕೂ ನಮ್ಮ ಮನಸ್ಸು ಮಣೆ ಹಾಕಬಲ್ಲದು!

2005ರಲ್ಲಿ ಅಮೆರಿಕದಲ್ಲಿ ಪಿಯೋಟರ್ ವಿಂಕಿಲ್ಮನ್, ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ನಗುವ ಅಥವಾ ಸಿಟ್ಟಿನ ಮುಖವನ್ನು ಸೆಕೆಂಡಿನ ಸುಮಾರು ಅರವತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿ, ತಕ್ಷಣ ಯಾವ ಭಾವನೆಯೂ ಇಲ್ಲದ ಇನ್ನೊಂದು ಮುಖ ತೋರಿಸಿದರು. ನೋಡಿದವರಿಗೆ ಎರಡನೆಯದು ಮಾತ್ರ ಕಂಡಿತು. ಬಳಿಕ ಕುಡಿಯಲು ಪಾನಕ ಇಟ್ಟರು. ಬಾಯಾರಿದವರಲ್ಲಿ, ನಗುಮುಖ ತೋರಿಸಲಾದವರು ಹೆಚ್ಚು ಬಗ್ಗಿಸಿಕೊಂಡು ಹೆಚ್ಚು ಕುಡಿದರು. ಸಿಟ್ಟಿನ ಮುಖ ತೋರಿಸಲಾದವರು ಕಡಿಮೆ ಕುಡಿದರು. "ಈಗ ಮನಸ್ಸು ಹೇಗಿದೆ?" ಎಂದು ಕೇಳಿದಾಗ ಮಾತ್ರ ಇಬ್ಬರ ಉತ್ತರದಲ್ಲೂ ವ್ಯತ್ಯಾಸವಿರಲಿಲ್ಲ. ಬಾಯಾರಿಕೆ ಇಲ್ಲದವರ ಮೇಲೆ ಈ ಪರಿಣಾಮವೇ ಕಾಣಲಿಲ್ಲ.

ಇದು ಹೇಗೆ ಸಾಧ್ಯ? ಮಿದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಹೀಗೆ ಮರೆಮಾಡಿದ ಭಯದ ಮುಖಕ್ಕೂ ಅದು ಸ್ಪಂದಿಸುತ್ತದೆ ಎಂದು 1998ರಲ್ಲೇ ಸ್ಕ್ಯಾನಿಂಗ್‌ನಿಂದ ತಿಳಿದುಬಂತು.

ಪ್ರಯೋಗಶಾಲೆ ಬೇರೆ, ನಮ್ಮ ಸಭೆ ಬೇರೆ, ನಿಜ. ಇಲ್ಲಿ ಮುಖಗಳು ಕಣ್ಣಿಗೆ ಕಾಣುತ್ತವೆ, ಆದರೆ ನಾವು ಗಮನಿಸುವುದಿಲ್ಲ. ಆ ಸಹೋದರಿ ಕೇಳುವಾಗ ಯಾರಾದರೂ ಹುಬ್ಬು ಗಂಟಿಕ್ಕಿದ್ದರೇ? ನಿದ್ದೆಗೆಟ್ಟ ಆಕೆಯ ಮುಖವೇ ನಮಗೆ ಒರಟಾಗಿ ಕಂಡಿತೇ? ಖಿನ್ನತೆ, ಸ್ಕಿಜೋಫ್ರೇನಿಯಾ ಇರುವವರ ಮುಖದಲ್ಲಿ ಎಷ್ಟೋ ಸಲ ಭಾವವೇ ಕಾಣದು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್ ವೈದ್ಯರು ಭಾರತೀಯ ಮುಖಗಳನ್ನೇ ಬಳಸಿ, ಭಾವ ಗುರುತಿಸುವ ಶಕ್ತಿಯನ್ನು ಅಳೆಯುವ 'ಟ್ರೆಂಡ್ಸ್' ಎಂಬ ಸಾಧನವನ್ನು 2008ರಲ್ಲಿ ಪ್ರಕಟಿಸಿದರು. ಮುಖ ಓದುವುದು ಅಷ್ಟು ಸುಲಭವಲ್ಲ.

ಇನ್ನೊಂದು ಮಾತು. ಹಣದ ತುರ್ತು ಇರುವವರೂ ಒಂದು ರೀತಿಯಲ್ಲಿ ಬಾಯಾರಿದವರೇ ಅಲ್ಲವೇ? ಮನೆ ಬಾಗಿಲಿಗೆ ಬಂದು ನಗುನಗುತ್ತಾ ಸಾಲ, ಚೀಟಿ ಎನ್ನುವವರ ಮುಂದೆ ನಮ್ಮ ಎಚ್ಚರ ತಪ್ಪುವುದು ಆಗಲೇ.

ಹಾಗಾದರೆ ನಾವೇನು ಮಾಡಬಹುದು?

1. ಸಾಲದ ಅರ್ಜಿ ಬಂದಾಗ ಮೊದಲು ಉಳಿತಾಯದ ಪುಸ್ತಕ ತೆರೆಯಿರಿ, ಚರ್ಚೆ ಆಮೇಲೆ.

2. "ಮನಸ್ಸಾಗ್ಲಿಲ್ಲ" ಎಂಬುದನ್ನು ಕಾರಣವೆಂದು ಒಪ್ಪಬೇಡಿ. ಬೇಡ ಎಂದವರು ಕಾರಣ ಹೇಳಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

3. ಮೊದಲು ಮಾತಾಡುವ ಪ್ರತಿನಿಧಿಯ ಮುಖವನ್ನೇ ಎಲ್ಲರೂ ನೋಡುತ್ತಾರೆ. ಅವರು ಕೊನೆಗೆ ಅಭಿಪ್ರಾಯ ಹೇಳಲಿ.

4. ಹೊರಗಿನ ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಬಡ್ಡಿಯ ಲೆಕ್ಕ ಹಾಕಿ.

ಮುಂದಿನ ವಾರ ನಾವೂ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಕೂತೆವು. ಹತ್ತೇ ನಿಮಿಷದಲ್ಲಿ ಸಾಲ ಮಂಜೂರಾಯಿತು. ಫೀಸು ಕಟ್ಟಲು ಆಗ ಎರಡೇ ದಿನ ಉಳಿದಿತ್ತು.